ಡ್ರೈವರ್ ಹೊಟ್ಟೆಗೆ ವಾಲಿಬಾಲ್

ನಮ್ಮ ಯಜಮಾನರು ಬಸ್ ಡ್ರೈವರ್. ದಾರಿಯಲ್ಲಿ ಎಲ್ಲೆಲ್ಲಿ ಶೌಚಾಲಯವಿದೆ, ಯಾವುದಕ್ಕೆ ಚಿಲಕವಿಲ್ಲ ಎಂಬುದೆಲ್ಲ ಅವರಿಗೆ ಬಾಯಿಪಾಠ. ಎರಡು ವರ್ಷದಿಂದ ಹೊಟ್ಟೆನೋವು, ಉಬ್ಬರ, ಅವಸರ. ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿಸಿ, "ಇದು ಐಬಿಎಸ್, ಕರುಳು ಬೇಗ ಕೆರಳುವ ತೊಂದರೆ. ಜೀವಕ್ಕೇನೂ ಅಪಾಯವಿಲ್ಲ" ಎಂದು ಮಾತ್ರೆ ಕೊಟ್ಟಿದ್ದರು. ಆದರೂ ಇವರ ಹೆದರಿಕೆ ಹೋಗಲಿಲ್ಲ. ಮೊದಲು ಹಾಲು ಬಿಟ್ಟರು, ಆಮೇಲೆ ಕಾಳು ಬಿಟ್ಟರು. ಮೈದಾನದಲ್ಲಿ ಶೌಚಾಲಯವಿಲ್ಲವೆಂದು ಸಂಜೆಯ ವಾಲಿಬಾಲನ್ನೂ ಬಿಟ್ಟರು. ಕೊನೆಗೆ ಸ್ಟೀರಿಂಗನ್ನೇ ಬಿಡುತ್ತೇನೆಂದು ಡಿಪೋ ಮ್ಯಾನೇಜರಿಗೆ ಅರ್ಜಿ ಬರೆದು ಜೇಬಿಗಿಟ್ಟುಕೊಂಡರು. ಬಸ್ಸೆಂದರೆ ಪ್ರಾಣ ಬಿಡುವ ಮನುಷ್ಯ. ನನಗೆ ಅಳುವೇ ಬಂತು.

ಫೋನಿನಲ್ಲಿ ನನ್ನಿಂದ ಎಲ್ಲ ಕೇಳಿ ಅವತ್ತೇ ನನ್ನ ತಂಗಿ ಬಂದಳು. ಅವಳು ನರ್ಸ್. ಬಾಯಿ ಸ್ವಲ್ಪ ಜೋರು.

"ಭಾವ, ಆಟ ಬಿಟ್ಟು ಎಷ್ಟು ದಿನ ಆಯ್ತು?"

"ಆರು ತಿಂಗಳು."

"ಹೊಟ್ಟೆ ಜಾಸ್ತಿ ಕೆಟ್ಟಿದ್ದು ಯಾವಾಗಿಂದ?"

ಇವರು ಬೆರಳು ಮಡಚಿ ಎಣಿಸಿ ನನ್ನ ಮುಖ ನೋಡಿದರು. "ಅದೂ ಹೆಚ್ಚೂಕಮ್ಮಿ ಅಷ್ಟೇ."

"ಬಿಡಬಾರದ್ದನ್ನೇ ಬಿಟ್ಟಿದೀರಿ."

"ಹಾಗಾದ್ರೆ ನನ್ನ ನೋವು ಬರೀ ಭ್ರಮೆ ಅಂತೀಯೇನಮ್ಮ?"

"ನೋವು ನಿಜಾನೇ. ಆದ್ರೆ ತಲೆಗೂ ಕರುಳಿಗೂ ಯಾವಾಗ್ಲೂ ಮಾತುಕತೆ ನಡೀತಿರುತ್ತೆ. ಲೈಸೆನ್ಸ್ ಪರೀಕ್ಷೆ ದಿನ ಹೊಟ್ಟೆ ತೊಳಸಿರ್ಲಿಲ್ವಾ? ಚಿಂತೆ ಹೆಚ್ಚಾದ್ರೆ ಕರುಳು ಕೆರಳುತ್ತೆ. ಮನಸ್ಸು ಖುಷಿಯಾಗಿದ್ರೆ ಅದೂ ಸ್ವಲ್ಪ ತಣ್ಣಗಿರುತ್ತೆ. ಮಾತ್ರೆ ತಗೊಳ್ಳಿ, ಜೊತೆಗೆ ಆಡಿ."

"ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ" ಎಂದು ನಾನು ನಕ್ಕೆ.

"ಮೈದಾನದಲ್ಲಿ ಅವಸರ ಆದ್ರೆ?" ಎಂದರು ಇವರು.

"ಎದುರಿಗೆ ದರ್ಜಿ ಮನೆ ಇದೆ. ಅವರ ಶೌಚಾಲಯ ಬಳಸ್ಬಹುದಾ ಅಂತ ಬರ್ತಾ ಕೇಳ್ಕೊಂಡೇ ಬಂದೆ."

ಸಂಜೆ ಮೂವರೂ ಹೋದೆವು. ಮೊದಲ ಹತ್ತು ನಿಮಿಷ ಇವರ ಕಣ್ಣು ದರ್ಜಿ ಮನೆ ಬಾಗಿಲ ಮೇಲೇ. ಆಮೇಲೆ ಚೆಂಡೊಂದು ಎತ್ತರಕ್ಕೆ ಬಂತು ನೋಡಿ, ಹಾರಿ ಹೊಡೆದರು! ಅಲ್ಲಿಂದ ಒಂದೂವರೆ ಗಂಟೆ ಬಾಗಿಲ ನೆನಪೇ ಇಲ್ಲ. ಅಂಕ ಬರೆಯಲು ಕಾಗದ ಬೇಕೆಂದಾಗ ಇವರೇ ಜೇಬಿಗೆ ಕೈಹಾಕಿ ಅರ್ಜಿ ತೆಗೆದರು.

"ಇದರ ಹಿಂದೆ ಬರೀರಿ. ಬೇಕಾದ್ರೆ ಇನ್ನೊಂದು ಬರೆದರಾಯ್ತು."

ಎರಡು ತಿಂಗಳಾಯಿತು, ಇನ್ನೊಂದು ಬರೆದಿಲ್ಲ. ಹೊಟ್ಟೆ ಪೂರ್ತಿ ಸರಿಹೋಗಿದೆ ಎಂದರೆ ಸುಳ್ಳಾಗುತ್ತದೆ. ಕೆಟ್ಟ ದಿನಗಳು ಬರುತ್ತವೆ, ಆದರೆ ಅಪರೂಪಕ್ಕೆ. ಇವರು ದಿನಾ ಬಸ್ ಓಡಿಸುತ್ತಿದ್ದಾರೆ.

ನಿಮಗೂ ಇಂಥ ಹೊಟ್ಟೆಯಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಮಲದಲ್ಲಿ ರಕ್ತ ಕಂಡರೆ, ತೂಕ ಇಳಿದರೆ ತಡಮಾಡಲೇಬೇಡಿ. ಕೊಟ್ಟ ಮಾತ್ರೆ ನಿಲ್ಲಿಸಬೇಡಿ. ಹೊಟ್ಟೆಗೆ ಹೆದರಿ ಹಾಡೋ, ಆಟವೋ, ಗೆಳತಿಯರ ಹರಟೆಯೋ ಬಿಟ್ಟಿದ್ದರೆ ಇವತ್ತೇ ಮತ್ತೆ ಹಿಡಿಯಿರಿ. ಚೆಂಡು ಬೇಕಾದರೆ ನಮ್ಮ ಮನೆಗೆ ಬನ್ನಿ. ಸಂಜೆ ಐದರ ಮೇಲೆ ಮಾತ್ರ ಕೇಳಬೇಡಿ, ಯಜಮಾನರು ಕೊಡುವುದಿಲ್ಲ.