ಸಿಲೋನಿನವಳ ಸಾಕ್ಷಿ

ಸೆಲ್ಲಾಯಿ ಹೇಳಬೇಕಾದದ್ದು ಒಂದೇ ಮಾತು: ಐದು ವರ್ಷದಿಂದ ಈ ಗದ್ದೆಯಲ್ಲಿ ಧಣಿಯ ಕೂಲಿಯಾಗಿ ಭತ್ತದ ನೇಜಿ ನೆಡುತ್ತಿದ್ದೇನೆ. ಹೇಳಿದರೆ ಗದ್ದೆಯಂಚಿನ ಗುಡಿಸಲು ಅವಳಿಗೆ. ಇಲ್ಲವಾದರೆ ಎಪ್ಪತ್ತಾರರ ಈ ಮಳೆಯಲ್ಲಿ ಇಬ್ಬರು ಮಕ್ಕಳೊಂದಿಗೆ ರಸ್ತೆ.

ಎರಡು ದೇಶಗಳ ಸರಕಾರಗಳು ಒಪ್ಪಂದ ಮಾಡಿಕೊಂಡು ಸಿಲೋನಿನ ಟೀ ತೋಟದಿಂದ ಅಟ್ಟಿದವರಲ್ಲಿ ಅವಳೊಬ್ಬಳು. ಪುನರ್ವಸತಿಯ ಕಾಗದ ಕೊಟ್ಟರು, ಮನೆ ಕೊಡಲಿಲ್ಲ. ಶಿಬಿರದಿಂದ ಶಿಬಿರಕ್ಕೆ ಅಲೆದು ಗಂಡ ಸತ್ತ. ಮೂರು ತಿಂಗಳ ಹಿಂದೆ ವೇಣೂರಿನ ಧಣಿ ಶಿವಸುಬ್ರಹ್ಮಣ್ಯರಾಯರು ಗುಡಿಸಲು ಕಟ್ಟಿಸಿಕೊಟ್ಟಾಗ ಊರೆಲ್ಲ ಹೊಗಳಿತು. ಯಾಕೆ ಕೊಟ್ಟರೆಂದು ಯಾರೂ ಕೇಳಲಿಲ್ಲ. ಆ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವಳು ರುಖಿಯಮ್ಮ. ಉಳುವವರಿಗೇ ಭೂಮಿಯೆಂಬ ಕಾನೂನು ಬಂದದ್ದೇ ಅವಳು ಗದ್ದೆ ತನಗೆ ಸೇರಬೇಕೆಂದು ಡಿಕ್ಲರೇಶನ್ ಕೊಟ್ಟಿದ್ದಳು. ಅದನ್ನು ಸುಳ್ಳು ಮಾಡಿ, ಗದ್ದೆ ತಾನೇ ಕೂಲಿ ಕೊಟ್ಟು ಮಾಡಿಸುತ್ತಿದ್ದೇನೆಂದು ತೋರಿಸಲು ಧಣಿಗೆ ಒಬ್ಬ ಕೂಲಿಯವಳು ಬೇಕಿತ್ತು.

ಭೂಮಿಯ ತಕರಾರು ತೀರ್ಮಾನಿಸುವ ಟ್ರಿಬ್ಯೂನಲ್ಲಿನ ಸಾಹೇಬರು ಗದ್ದೆಗೇ ಬಂದರು.

“ಐದು ವರ್ಷ ನೆಟ್ಟವಳಲ್ವಾ? ಒಂದು ಸಾಲು ನೆಡು, ನೋಡುವ.”

ಸೆಲ್ಲಾಯಿ ಕೆಸರಿಗಿಳಿದಳು. ಟೀ ಎಲೆ ಕಿತ್ತ ಬೆರಳುಗಳು ಚುರುಕಾಗಿಯೇ ನೆಟ್ಟವು. ಕಾಲು ಮಾತ್ರ ಗುಡ್ಡ ಹತ್ತುವ ಹಾಗೆ ಮುಂದೆ ಮುಂದೆ ಹೋಯಿತು. ನೆಟ್ಟದ್ದೆಲ್ಲ ಪಾದದಡಿ ಹೂತುಹೋಯಿತು.

“ನಿಮ್ಮನ್ನು ಕಂಡು ಹೆದರಿದ್ದಾಳೆ ಸ್ವಾಮೀ,” ಎಂದರು ಧಣಿ.

ಗದ್ದೆಯ ಬದುವಿನ ಹುಣಿಯ ಮೇಲೆ ನಿಂತಿದ್ದ ರುಖಿಯಮ್ಮ ಸುಮ್ಮನಿದ್ದರೆ ಗೆಲ್ಲುತ್ತಿದ್ದಳು. ಸುಮ್ಮನಿರಲಾಗಲಿಲ್ಲ.

“ಹಿಂದೆ ಹಿಂದೆ ಹೋಗು ಮಾರಾಯ್ತಿ. ಮಗುವನ್ನು ಮಲಗಿಸಿ ಅದರ ಮೇಲೆಯೇ ನಡೀತಾರಾ?”

ಸೆಲ್ಲಾಯಿ ನೆಟ್ಟಳು, ಹಿಂದೆ ಸರಿದಳು, ಮತ್ತೆ ನೆಟ್ಟಳು. ಸಾಲು ನಿಂತಿತು.

“ನೋಡಿ, ಗೊತ್ತುಂಟು ಅವಳಿಗೆ.” ಧಣಿ ನಕ್ಕರು.

“ಎಷ್ಟು ವರ್ಷದಿಂದ?” ಸಾಹೇಬರು ಅವಳನ್ನೇ ಕೇಳಿದರು.

ಸೆಲ್ಲಾಯಿ ಗುಡಿಸಲಿನ ಬಾಗಿಲಲ್ಲಿದ್ದ ಮಕ್ಕಳನ್ನು ನೋಡಿದಳು.

“ಇವತ್ತಿಂದ ಸಾಮಿ. ಕಲಿಸಿದ್ದು ಆ ಅಮ್ಮ. ಗದ್ದೆ ಅವರದ್ದು.”

ಸಾಹೇಬರ ಜೀಪು ತಿರುವು ದಾಟಿದ್ದೇ ಧಣಿಯ ಆಳೊಬ್ಬ ಗುಡಿಸಲು ಕೆಡವಲು ತೆಂಗಿನ ಮಡಲು ಹೊದಿಸಿದ ಮಾಡು ಹತ್ತಿದ. ರುಖಿಯಮ್ಮ ಓಡಿಬಂದು ಬಾಗಿಲಿಗೆ ಅಡ್ಡ ನಿಂತಳು.

“ಇದು ಇರುವುದು ನನ್ನ ಡಿಕ್ಲರೇಶನಿನ ಸರ್ವೆ ನಂಬ್ರದಲ್ಲಿ. ತೀರ್ಪಿಗೆ ಮೊದಲು ಒಂದು ಮಡಲು ಎಳೆದರೂ ನಾಳೆ ನಾನು ಬೆಳ್ತಂಗಡಿಯಲ್ಲಿ ಸಾಹೇಬರ ಎದುರು ಇರ್ತೇನೆ.”

“ಸುಳ್ಳು ಹೇಳ್ಲಿಕ್ಕೆ ಬಂದವಳು ನಿನಗೇನಾಗಬೇಕು?”

“ಏನೂ ಆಗಬೇಕಿಲ್ಲ ಧಣಿ. ಅರ್ಧ ಗದ್ದೆ ಇನ್ನೂ ಉಂಟು. ನೆಡ್ಲಿಕ್ಕೆ ನನಗೆ ಜನ ಬೇಕು.”

ಮೇಲಿದ್ದವನು ಇಳಿಯಲೂ ಇಲ್ಲ, ಎಳೆಯಲೂ ಇಲ್ಲ. ಧಣಿಯ ಮುಖವನ್ನೇ ನೋಡುತ್ತಿದ್ದ. ಸೆಲ್ಲಾಯಿ ಮಕ್ಕಳನ್ನು ಕರೆದುಕೊಂಡು ಒಳಗೆ ಹೋಗಿ ಒಲೆ ಹೊತ್ತಿಸಿದಳು. ಮಾಡಿನ ಮೇಲೆ ಅವನ ಕಾಲ ಸಂದಿಯಿಂದ ಹೊಗೆ ಏಳತೊಡಗಿತು.