ಪಿಳ್ಳಮ್ಮನ ಇನ್ನೊಂದು ಹೆಸರು

ಹೊಸೂರು ಪಕ್ಕದ ಆಲಸನತ್ತಂನ ಒಂದು ಬಾಡಿಗೆ ಮನೆಯಲ್ಲಿ ವನಿತಾ ಹನ್ನೆರಡು ಹೆಂಗಸರನ್ನು ಇಟ್ಟುಕೊಂಡು ನೋಡಿಕೊಳ್ಳುತ್ತಿದ್ದಳು. ಎಲ್ಲರೂ ಬುದ್ಧಿ ಕೆಟ್ಟು, ಹೊಸೂರು ಬಸ್ ಸ್ಟ್ಯಾಂಡಿನಲ್ಲೋ ಹೆದ್ದಾರಿಯ ಪಕ್ಕದಲ್ಲೋ ಸಿಕ್ಕಿದವರು. ಪಿಳ್ಳಮ್ಮ ಬಂದು ಆರು ವರ್ಷವಾಗಿತ್ತು. ತಪ್ಪದೆ ಮಾತ್ರೆ ನುಂಗಿ ಚೇತರಿಸಿಕೊಂಡಿದ್ದಳು. ಹೊಸಬರು ಚೀರಾಡಿದರೆ ಪಕ್ಕದಲ್ಲಿ ಕೂತು, ತಲೆಗೆ ಎಣ್ಣೆ ಹಚ್ಚಿ ಸಮಾಧಾನ ಮಾಡುವವಳು ಅವಳೇ. ವನಿತಾಳಿಂದ ಆಗದ್ದು ಅವಳಿಂದ ಆಗುತ್ತಿತ್ತು.

ಮನೆ ನಡೆಯುತ್ತಿದ್ದುದು ಚೆನ್ನೈನ ಒಂದು ಖಾಸಗಿ ಫೌಂಡೇಶನ್ನಿನ ಅನುದಾನದಿಂದ. ತಮಿಳುನಾಡಿನೊಳಗಿನ ಸೇವಾಸಂಸ್ಥೆಗಳಿಗಷ್ಟೇ ಅವರು ಕೊಡುತ್ತಿದ್ದರು. ಈ ವರ್ಷ ಅರ್ಜಿಯಲ್ಲಿ ಹೊಸ ಪ್ರಶ್ನೆಯೊಂದು ಸೇರಿತ್ತು. ಅದನ್ನು ತಿಳಿಸಲು ಅವರ ಅಧಿಕಾರಿ, ಹತ್ತಿರದ ತಳಿ ಊರಿನ ಕಡೆಯವನೇ ಆದ ಕುಮಾರೇಶ್ ಬಂದ.

"ಎಷ್ಟು ಜನ್ರನ್ನ ಇಟ್ಕೊಂಡಿದ್ದೀರಿ ಅನ್ನೋದು ಟ್ರಸ್ಟಿಗಳಿಗೆ ಬೇಡ ಮೇಡಂ. ಎಷ್ಟು ಜನ ವಾಸಿಯಾಗಿ ಮನೆಗೋದ್ರು? ನಿಮ್ದು ಸೊನ್ನೆ ಐತೆ."

"ಮನೆಯೋರೇ ಓಡ್ಸಿರೋದು ಸಾರ್. ಯಾರ ಮನೆಗೆ ಕಳ್ಸ್ಲಿ?"

"ಒಬ್ರನ್ನಾದ್ರೂ ತೋರ್ಸಿ. ಇಲ್ದಿದ್ರೆ ನಿಮ್ ಫೈಲು ನನ್ ಟೇಬಲ್ ದಾಟಲ್ಲ."

ಹನ್ನೆರಡು ಜನರಲ್ಲಿ ತನ್ನ ಊರಿನ ಹೆಸರು ಹೇಳಬಲ್ಲವಳು ಪಿಳ್ಳಮ್ಮ ಒಬ್ಬಳೇ. ಜವಳಗಿರಿಯ ಆಚೆ, ಕಾಡಂಚಿನಲ್ಲಿ ಅವಳ ತಮ್ಮ ರಾಮಕೃಷ್ಣಪ್ಪ ಇದ್ದ. ವನಿತಾ ಅವಳ ಸೀರೆಗಳನ್ನು ಮಡಿಸಿ ಚೀಲಕ್ಕೆ ಹಾಕುವಾಗ ಪಿಳ್ಳಮ್ಮ ಬಾಗಿಲಲ್ಲಿ ನಿಂತಿದ್ದಳು.

"ನಾನೇನ್ ತಪ್ ಮಾಡ್ದೆ ಅಕ್ಕಾ?"

"ತಪ್ಪೇನಿಲ್ಲ ಕಣಮ್ಮ. ವಾಸಿಯಾಗಿದ್ದೀಯ, ಅದ್ಕೇ."

"ವಾಸಿಯಾದೋರ್ನ ಓಡುಸ್ತೀರಾ?"

ವನಿತಾ ಚೀಲದ ಬಾಯಿ ಕಟ್ಟಿದಳು.

ವನಿತಾ, ಕುಮಾರೇಶ್ ಅವಳನ್ನು ಊರಿಗೆ ಕರೆದೊಯ್ದಾಗ ರಾಮಕೃಷ್ಣಪ್ಪ ಅಕ್ಕನ ಮುಖ ನೋಡಲಿಲ್ಲ. ಕುಮಾರೇಶ್ ಹೇಳಿದ ಮೇಲೆ ಅವಳ ಹೆಗಲ ಮೇಲೆ ಕೈಯಿಟ್ಟು ಫೋಟೋಗೆ ನಿಂತ. ಮಾತ್ರೆಗಳನ್ನು ಯಾವಾಗ ಕೊಡಬೇಕೆಂದು ವನಿತಾ ಎರಡು ಸಲ ಬಿಡಿಸಿ ಹೇಳಿದಳು. ಅವನು ತಲೆಯಾಡಿಸಿದ.

ಅನುದಾನ ಬಂತು. ನಾಲ್ಕು ತಿಂಗಳ ನಂತರ ಆ ಊರಿನ ಅಂಗನವಾಡಿ ಟೀಚರಮ್ಮ ಫೋನ್ ಮಾಡಿದಳು. ವನಿತಾ ಜೀಪು ಹಿಡಿದು ಹೋದಳು. ದನದ ಕೊಟ್ಟಿಗೆಯಲ್ಲಿ ಪಿಳ್ಳಮ್ಮನ ಕಾಲನ್ನು ಹಗ್ಗದಿಂದ ಕಂಬಕ್ಕೆ ಕಟ್ಟಿದ್ದರು. ತಲೆ ಬೋಳಿಸಿದ್ದರು. ಹಗ್ಗ ಉಜ್ಜಿದ ಕಡೆ ಕಾಲು ಕೀವುಗಟ್ಟಿತ್ತು. ಮಾತ್ರೆಯ ಪೊಟ್ಟಣ ಗೋಡೆಯ ಗೂಡಿನಲ್ಲಿ ಒಡೆಯದೆ ಬಿದ್ದಿತ್ತು.

"ಕಾಡ್ಗೆ ಓಡೋಯ್ತಾಳೆ. ಆನೆ ತುಳ್ದ್ರೆ ಯಾರ್ ಹೊಣೆ? ಅದ್ಕೇ ಕಟ್ದೆ," ಎಂದ ರಾಮಕೃಷ್ಣಪ್ಪ. "ಮಾತ್ರೆ ಯಾತಕ್ಕೆ ಮೇಡಂ? ವಾಸಿಯಾಗವ್ಳೆ ಅಂತ ನೀವೇ ಬರ್ದುಕೊಟ್ರಲ್ಲ."

ವನಿತಾ ಹೊರಗೆ ಬಂದು ಕುಮಾರೇಶನಿಗೆ ಫೋನ್ ಮಾಡಿದಳು.

"ಪಿಳ್ಳಮ್ಮನ್ನ ವಾಪಸ್ ಸೇರ್ಸ್ಕಂಡ್ರೆ ನಾವು ಕೊಟ್ಟ ವರದಿ ಸುಳ್ಳಾಯ್ತದೆ," ಎಂದ ಅವನು. "ಅವಳ ಫೋಟೋ ವರ್ಷದ ಪುಸ್ತಕದಾಗೆ ಅಚ್ಚಾಗೈತೆ. ಉಳಿದ ಹನ್ನೊಂದು ಜನ್ರ ಅನ್ನಕ್ಕೂ ಕಲ್ಲು ಬೀಳ್ತದೆ." ಆಮೇಲೆ ದನಿ ತಗ್ಗಿಸಿ ಹೇಳಿದ: "ದಾರೀಲಿ ಯಾವಳೋ ಹೊಸಬಳು ಸಿಕ್ಕಿದ್ರೆ ಅದು ಬೇರೆ ಮಾತು ಮೇಡಂ."

ವನಿತಾ ಹಗ್ಗ ಬಿಚ್ಚಿದಳು. ಆ ಸಂಜೆ ದಾಖಲೆಯಲ್ಲಿ ಹೊಸ ಹೆಸರು ಬರೆದಳು: ಗಂಗಾದೇವಿ, ಊರು ಗೊತ್ತಿಲ್ಲ.

ಪಿಳ್ಳಮ್ಮ ಒಂದು ತಿಂಗಳು ಯಾರೊಂದಿಗೂ ಮಾತಾಡಲಿಲ್ಲ. ಮಾತ್ರೆ ಹಿಡಿಯಿತು, ಮೆಲ್ಲಗೆ ಎದ್ದು ಓಡಾಡತೊಡಗಿದಳು. ಅಷ್ಟರಲ್ಲಿ ಚೆನ್ನೈನಿಂದ ಟ್ರಸ್ಟಿ ಹೆಂಗಸೊಬ್ಬಳು ನೋಡಲು ಬಂದಳು. ಜೊತೆಯಲ್ಲಿ ಕುಮಾರೇಶನಿದ್ದ. ಅವಳ ಕೈಯಲ್ಲಿ ಆ ವರ್ಷದ ಪುಸ್ತಕವಿತ್ತು, ರಟ್ಟಿನ ಮೇಲೆ ಅಕ್ಕತಮ್ಮಂದಿರ ಫೋಟೋ. ಪುಸ್ತಕವನ್ನು ಎದೆಗೊತ್ತಿಕೊಂಡೇ ಅವಳು ಕೂದಲು ಇನ್ನೂ ಚಿಗುರುತ್ತಿದ್ದ ಹೆಂಗಸಿನ ಮುಂದೆ ಬಾಗಿದಳು.

"ಉಂಗ ಪೇರ್ ಎನ್ನಮ್ಮಾ?" ಎಂದು ತಮಿಳಿನಲ್ಲಿ ಹೆಸರು ಕೇಳಿದಳು.

"ಪಿಳ್ಳಮ್ಮ."

ಟ್ರಸ್ಟಿ ತಿರುಗಿ ನೋಡಿದಳು. ಕುಮಾರೇಶ್ ಗೋಡೆ ನೋಡಿದ.

"ಗಂಗಾದೇವಿ ಅಂತ ಮೇಡಂ," ಎಂದಳು ವನಿತಾ. "ಇನ್ನೂ ಪೂರ್ತಿ ಸರಿಹೋಗಿಲ್ಲ. ಇಲ್ಲಿ ಮುಂಚೆ ಇದ್ದ ಯಾರದೋ ಹೆಸರನ್ನ ತನ್ನದು ಅಂತಾಳೆ."

"ಇಲ್ಲ ಅಕ್ಕಾ, ನಾನೇ ಪಿಳ್ಳಮ್ಮ. ನೀನೇ ಅಲ್ವಾ ನಂಗೆ..." ಎಂದು ಪಿಳ್ಳಮ್ಮ ವನಿತಾಳ ಸೆರಗು ಹಿಡಿದಳು. ವನಿತಾ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಪಾವಂ," ಎಂದು ಮರುಗಿದಳು ಟ್ರಸ್ಟಿ. ತಾನು ಕಂಡದ್ದನ್ನು ಬರೆದುಕೊಂಡಳು. ತಿಂಗಳಿಗೊಮ್ಮೆ ಬರುವ ಹೊಸ ಡಾಕ್ಟರು ಅದನ್ನು ಓದಿ, ತನ್ನ ಹೆಸರೂ ತಿಳಿಯದ ರೋಗಿಗೆ ಇನ್ನೊಂದು ಮಾತ್ರೆ ಸೇರಿಸಿದರು.

ಆ ಮಾತ್ರೆಯನ್ನು ವನಿತಾಳೇ ತಂದುಕೊಟ್ಟಳು. ಪಿಳ್ಳಮ್ಮ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

"ಇದ್ನ ನುಂಗುದ್ರೆ ನನ್ ಹೆಸ್ರು ಮರ್ತೋಯ್ತದಾ ಅಕ್ಕಾ?"

"ನುಂಗು," ಎಂದಳು ವನಿತಾ, ನೀರಿನ ಲೋಟ ಮುಂದೆ ಹಿಡಿದು.