ಬಿಸಿ ಆರದ ಬಿಲ್ಲೆ

ವೆಂಕಟಸುಬ್ಬಯ್ಯನವರ ಕೈಗೆ ಕೆಟ್ಟ ಹೆಸರು ತಂದವಳು ನಾನೇ. ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ.

ಇದು ಎಂಬತ್ತೇಳರ ಮಾತು. ಮುಂಬಯಿಯ ಭಾಂಡುಪ್‌ನ ನಮ್ಮ ಪುಟ್ಟ ಕಾರ್ಖಾನೆಯಲ್ಲಿ ಮೈಸೂರಿನ ಆ ಹಿರಿಯರು ಉಕ್ಕಿನ ಬಿಲ್ಲೆಗಳನ್ನು ಕನ್ನಡಿಯಂತೆ ಉಜ್ಜಿ, ಮೇಲೊಂದು ಗೀರು ಕೊರೆಯುತ್ತಿದ್ದರು. ಅದರ ಆಳ ಕೂದಲಿನ ದಪ್ಪದಲ್ಲಿ ಇನ್ನೂರನೇ ಒಂದು ಪಾಲು. ದೊಡ್ಡ ಕಂಪನಿಗಳು ತಮ್ಮ ಅಳತೆಯ ಯಂತ್ರ ಸರಿಯಿದೆಯೇ ಎಂದು ಪರೀಕ್ಷಿಸುತ್ತಿದ್ದುದು ಇಂಥ ಬಿಲ್ಲೆಯಿಂದಲೇ. ಅದರ ಮೇಲೆ ವಜ್ರದ ಮುಳ್ಳು ಎಳೆದು, ಗ್ರಾಫ್ ತೆಗೆದು, ಪಾಸು ಫೇಲು ಬರೆಯುವುದು ನನ್ನ ಕೆಲಸ.

ಅದಕ್ಕೊಂದು ನೇಮವಿತ್ತು. ಬೆರಳಿನ ಬಿಸಿಗೇ ಉಕ್ಕು ಉಬ್ಬುತ್ತದೆ. ಹಾಗಾಗಿ ಕೈ ತಾಗಿದ ಬಿಲ್ಲೆಯನ್ನು ಎ.ಸಿ. ರೂಮಿನ ಕಲ್ಲಿನ ಮೇಲೆ ನಾಲ್ಕು ಗಂಟೆ ಬಿಡಬೇಕು. "ಹಸುಗೂಸು ಕಣಮ್ಮ, ಮಲಗ್ಲಿ ಬಿಡು" ಎನ್ನುತ್ತಿದ್ದರು ಸುಬ್ಬಯ್ಯನವರು.

ಆ ಶನಿವಾರ ಸಂಜೆ ಅಂಧೇರಿಯ ನಮ್ಮ ಮನೆಗೆ ನನ್ನನ್ನು ನೋಡಲು ಗಂಡಿನವರು ಬರುವವರಿದ್ದರು. ಸುಬ್ಬಯ್ಯನವರು ಆರು ಬಿಲ್ಲೆ ತಂದಿಟ್ಟು ಅರ್ಧ ಗಂಟೆಯೂ ಆಗಿರಲಿಲ್ಲ, ಅಳೆದುಬಿಟ್ಟೆ. ಗ್ರಾಫಿನ ಗೆರೆಗಳೆಲ್ಲ ಓರೆಯಾಗಿ ಬಂದವು. ಯೋಚಿಸುವ ವ್ಯವಧಾನ ಯಾರಿಗಿತ್ತು? ಆರಕ್ಕೆ ಆರೂ ಫೇಲು ಎಂದು ಬರೆದು, ಚೀಟಿಯನ್ನು ಮಾಲೀಕ ಸೇಠ್ ಮೇಜಿನ ಮೇಲಿಟ್ಟು, ಲೋಕಲ್ ರೈಲು ಹಿಡಿಯಲು ಓಡಿದೆ. ಗಂಡಿನವರು ಉಪ್ಪಿಟ್ಟು ತಿಂದು, ಊರಿಗೆ ಹೋಗಿ ಕಾಗದ ಬರೆಯುತ್ತೇವೆ ಎಂದರು. ಅವರ ಮನೆ ಹಾಳಾಗ.

ಸೋಮವಾರ ಬಂದರೆ ಸುಬ್ಬಯ್ಯನವರ ಸ್ಟೂಲು ಖಾಲಿ. ಶನಿವಾರವೇ ನನ್ನ ಚೀಟಿ ಓದಿ, ತಮ್ಮ ಕೈಚಳಕ ಹೋಯಿತು ಎಂದು ತಾವಾಗಿಯೇ ಕೆಲಸ ಬಿಟ್ಟಿದ್ದರು. ಸೇಠ್ ತಡೆದಿರಲಿಲ್ಲ.

ಶನಿವಾರದ ನನ್ನ ಅವಸರ ನೆನಪಾಯಿತು. ಭಾನುವಾರವೆಲ್ಲ ಕಲ್ಲಿನ ಮೇಲೇ ಇದ್ದ ಬಿಲ್ಲೆಗಳನ್ನು ಮತ್ತೆ ಅಳೆದೆ. ಆರೂ ಸರಿ. ಅಷ್ಟು ಅಚ್ಚುಕಟ್ಟಾದ ಗೀರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಗ್ರಾಫ್ ಹಿಡಿದು ಅವರ ಚಾಳಿನ ಮನೆಗೆ ಓಡಿದೆ. ಅವರ ಹೆಂಡತಿ ವನಮಾಲಮ್ಮ ಬಾಗಿಲಲ್ಲೇ ಕಣ್ಣೊರೆಸಿಕೊಂಡರು. "ಎರಡು ದಿನದಿಂದ ಇವರ ಕೈ ನಡುಗ್ತಿದೆ ಕಣೇ ವಿಮಲಾ. ಕಾಫಿ ಲೋಟಾನೂ ಹಿಡಿಯಕ್ಕಾಗ್ತಿಲ್ಲ, ನಾನೇ ಕುಡಿಸ್ತಿದೀನಿ."

ಒಳಗೆ ಹೋಗಿ ಸುಬ್ಬಯ್ಯನವರ ಕಾಲ ಬಳಿ ಕುಳಿತೆ. "ಸುಬ್ಬಯ್ಯನೋರೇ, ತಪ್ಪು ನಂದು. ಬಿಸಿ ಆರಕ್ಕೆ ಬಿಡ್ದೆ ಅಳೆದ್ಬಿಟ್ಟೆ. ನೋಡಿ, ಎಲ್ಲಾ ಪಾಸಾಗಿದೆ."

ಗ್ರಾಫ್ ತೆಗೆದುಕೊಂಡರು. ಕಾಗದ ಅವರ ಕೈಯಲ್ಲಿ ಪಟಪಟ ಅಲುಗುತ್ತಿತ್ತು. ಬಹಳ ಹೊತ್ತು ನೋಡಿ, ಮಡಿಸಿ, ನನಗೇ ವಾಪಸು ಕೊಟ್ಟರು.

"ನಿನಗೆ ಒಳ್ಳೇದಾಗ್ಲಿ. ಮುದುಕನಿಗೆ ನೋವಾಗ್ಬಾರ್ದು ಅಂತ ಹಳೇ ಬಿಲ್ಲೇದು ತಂದಿದ್ದೀಯ."

"ಅಯ್ಯೋ, ದೇವರಾಣೆ, ಇದು ನಿಮ್ಮ ಶನಿವಾರದ್ದೇ!" ಎಂದು ಅತ್ತುಬಿಟ್ಟೆ.

ಅವರು ನಡುಗುವ ಕೈಯಿಂದಲೇ ನನ್ನ ತಲೆ ಸವರಿದರು.

"ಸುಳ್ಳು ಹೇಳ್ಬೇಡಮ್ಮ. ಐದು ವರ್ಷ ನೋಡಿದ್ದೀನಿ. ಬಿಸಿ ಬಿಲ್ಲೆ ಮೇಲೆ ಮುಳ್ಳಿಡೋ ಹುಡುಗಿ ಅಲ್ಲ ನೀನು."